ಪದ್ಮಿನಿ ಗ್ಲೋವ್ ಬಾಕ್ಸ್ ಲಾಕ್ ಜಾಮ್: ಡ್ರಿಲ್ ಹೊಡೆಯದೆ ತೆಗೆಯೋದು ಹೇಗೆ?

ಹದಡಿರೋಡ್_ಪದ್ಮಿನಿ (ದಾವಣಗೆರೆ)

ಎಲ್ಲರಿಗೂ ನಮಸ್ಕಾರ. ಗಾಡಿ 1988ರ ಪ್ರೀಮಿಯರ್ ಪದ್ಮಿನಿ. ಗ್ಲೋವ್ ಬಾಕ್ಸ್ (ಡ್ಯಾಶ್‌ಬೋರ್ಡಿನಲ್ಲಿರೋ ಮುಚ್ಚಳದ ಪೆಟ್ಟಿಗೆ) ಲಾಕ್ ಆಗಿ ಕೂತುಬಿಟ್ಟಿದೆ.

ಕೀ ಮುಕ್ಕಾಲು ಭಾಗ ಮಾತ್ರ ಒಳಗೆ ಹೋಗುತ್ತೆ, ಕೊನೆಯ 5–6 ಮಿ.ಮೀ. ಹೊರಗೇ ಉಳಿಯುತ್ತೆ. ಎಡಕ್ಕೂ ತಿರುಗಲ್ಲ, ಬಲಕ್ಕೂ ತಿರುಗಲ್ಲ. ಬಟನ್ ಒತ್ತಿದರೆ ಇಳಿಯಲ್ಲ. ಮುಚ್ಚಳದ ಮೇಲಂಚು ಹಿಡಿದು ಎಳೆದರೆ 2 ಮಿ.ಮೀ.ನಷ್ಟು ಅಲ್ಲಾಡುತ್ತೆ, ಅಷ್ಟೇ. ಇರೋದು ಮೂಲ ಕೀ ಅಲ್ಲ, ಡೂಪ್ಲಿಕೇಟ್. ಲಾಕಿನ ಮುಖದ ಸುತ್ತ ಸ್ಕ್ರೂ, ನಟ್ ಏನೂ ಕಾಣಲ್ಲ. ಮುಚ್ಚಳ ತಗಡಿನದು, ಹಿಂಜ್ ಕೆಳಗಡೆ ಇದೆ. ಸೀಟಿನ ಮುಂದೆ ನೆಲದ ಮೇಲೆ ಮಲಗಿ ಟಾರ್ಚ್ ಬಿಟ್ಟರೆ ಹಿಂಜಿನ ಸ್ಕ್ರೂ ತಲೆಗಳು ಕಾಣುತ್ತವೆ, ಆದರೆ ತುಕ್ಕು ಹಿಡಿದಿವೆ.

ಒಳಗೆ ಹಳೇ ಆರ್‌ಸಿ ಬುಕ್ ಇದೆ. ಐದು ವರ್ಷದ ರಿನ್ಯೂವಲ್ ಹತ್ತಿರ ಬಂದಿದೆ, ಅದು ಬೇಕೇ ಬೇಕು. ಗ್ಯಾರೇಜಿನಲ್ಲಿ ಡ್ರಿಲ್ ಹೊಡೆದು ತೆಗೆಯೋಣ ಅಂತಿದ್ದಾರೆ. ಅದಕ್ಕೆ ಮುಂಚೆ ಮೂರು ಪ್ರಶ್ನೆ: ಮುಚ್ಚಳಕ್ಕೆ ಗಾಯ ಆಗದ ಹಾಗೆ ತೆಗೆಯೋ ದಾರಿ ಇದೆಯಾ? ತೆಗೆದ ಮೇಲೆ ಲಾಕನ್ನು ಮುಚ್ಚಳದಿಂದ ಬಿಚ್ಚೋದು ಹೇಗೆ? ಇದೇ ಲಾಕನ್ನು ರಿಪೇರಿ ಮಾಡಬಹುದಾ, ಅಥವಾ ಬೇರೆ ಹಾಕಬೇಕಾ?

ಕೋಟೆ_ಕೀಲಿ (ಚಿತ್ರದುರ್ಗ)

ಡ್ರಿಲ್ ಈಗಲೇ ಬೇಡ ಸರ್. ಕೀ ಮುಕ್ಕಾಲಿಗೆ ನಿಲ್ತಿದೆ ಅಂದ್ರೆ ಬಹುಮಟ್ಟಿಗೆ ಕಸ ಕೂತಿದೆ ಅಂತ ಅರ್ಥ, ಲಾಕ್ ಮುರಿದಿದೆ ಅಂತಲ್ಲ.

ಈ ಕಾಲದ ಗ್ಲೋವ್ ಬಾಕ್ಸ್ ಲಾಕುಗಳು ಹೆಚ್ಚುಕಡಿಮೆ ಎಲ್ಲವೂ ವೇಫರ್ ಲಾಕ್. ಕೀ ಹೋಗೋ ಬ್ಯಾರೆಲ್ ಒಳಗೆ ನಾಲ್ಕೋ ಐದೋ ಹಿತ್ತಾಳೆಯ ತೆಳು ಪ್ಲೇಟುಗಳು ಸಾಲಾಗಿ ಇರ್ತವೆ, ಒಂದೊಂದಕ್ಕೂ ಕೂದಲಿನಂಥ ಸ್ಪ್ರಿಂಗ್. ಸರಿಯಾದ ಕೀ ಹೋದಾಗ ಪ್ಲೇಟುಗಳೆಲ್ಲ ಬ್ಯಾರೆಲಿನ ಮೈಮಟ್ಟಕ್ಕೆ ಬರ್ತವೆ, ಬ್ಯಾರೆಲ್ ತಿರುಗುತ್ತೆ. ಒಂದೇ ಒಂದು ಪ್ಲೇಟ್ ಅರ್ಧ ಮಿ.ಮೀ. ಚಾಚಿಕೊಂಡಿದ್ರೂ ಕವಚದ ಒಳಗಿನ ಗೀರಿಗೆ ಸಿಕ್ಕಿಕೊಂಡು ನಿಲ್ಲುತ್ತೆ.

ಕೀ ಪೂರ್ತಿ ಹೋಗದೇ ಇರೋದಕ್ಕೆ ಮೂರು ಕಾರಣ. ಹಿಂದಿನ ಪ್ಲೇಟ್ ಅಂಟಿಕೊಂಡು ದಾರಿಗೆ ಅಡ್ಡ ನಿಂತಿರಬಹುದು. ತುದಿಯಲ್ಲಿ ಧೂಳು ಗಟ್ಟಿಯಾಗಿರಬಹುದು. ಇಲ್ಲವೇ ಯಾವುದೋ ಕಾಲದಲ್ಲಿ ಮುರಿದ ಕೀಯ ತುಂಡು ಒಳಗೇ ಉಳಿದಿರಬಹುದು. ಮೂರನೆಯದನ್ನು ಮೊದಲು ನೋಡಿ: ಟಾರ್ಚ್ ಹಿಡಿದು ಕೀ ಗಂಡಿಯೊಳಗೆ ಇಣುಕಿ, ಹೊಳೆಯೋ ಹಿತ್ತಾಳೆಯ ಕತ್ತರಿಸಿದ ಅಂಚು ಕಂಡ್ರೆ ಅದು ತುಂಡು. ಮರ ಕೊರೆಯೋ ಸಣ್ಣ ಫ್ರೆಟ್‌ಸಾ ಬ್ಲೇಡನ್ನು, ಹಲ್ಲು ನಿಮ್ಮ ಕಡೆ ಬಾಗಿರೋ ಹಾಗೆ, ಕೀಯ ಹಲ್ಲಿರೋ ಬದಿಯಿಂದ ಒಳಗೆ ಬಿಟ್ಟು ಸ್ವಲ್ಪ ತಿರುಚಿ ಎಳೀರಿ, ತುಂಡು ಕಚ್ಚಿಕೊಂಡು ಬರುತ್ತೆ.

ತುಂಡಿಲ್ಲದಿದ್ರೆ ತೊಳೆಯೋ ಕೆಲಸ. ನಮ್ಮ ಕಡೆ ಲಾಕ್ ಹಾಳಾಗೋದು ಎಣ್ಣೆ ಇಲ್ಲದೆ ಅಲ್ಲ, ಎಣ್ಣೆ ಬಿಟ್ಟು. ಭೀಮಸಮುದ್ರದ ಕಡೆ ಅದಿರು ಲಾರಿ ಓಡಾಡೋ ರಸ್ತೆಯ ಕೆಂಪು ಧೂಳು ನೋಡಿದೀರಲ್ಲ, ಅಷ್ಟು ನುಣುಪಿನ ಧೂಳು ಎಂಜಿನ್ ಆಯಿಲ್ ಜೊತೆ ಸೇರಿದ್ರೆ ಪೇಸ್ಟ್ ಆಗುತ್ತೆ, ಎರಡು ಬೇಸಿಗೆ ಕಳೆದ್ರೆ ಅಂಟು. ಕೊಬ್ಬರಿ ಎಣ್ಣೆ ಇನ್ನೂ ಕೆಟ್ಟದ್ದು.

ಮೊದಲು ಪಂಕ್ಚರ್ ಅಂಗಡಿಯ ಏರ್ ಗನ್‌ನಲ್ಲಿ ಕೀ ಗಂಡಿಗೆ ಗಾಳಿ ಹೊಡೆಸಿ, ಕಣ್ಣಿಗೆ ಕನ್ನಡಕ ಇರಲಿ. ಆಮೇಲೆ ಡಬ್ಲ್ಯೂಡಿ-40 ಡಬ್ಬಿಯ ಕೆಂಪು ನಳಿಕೆಯನ್ನು ಗಂಡಿಗೆ ತೂರಿಸಿ 2 ಸೆಕೆಂಡ್ ಸ್ಪ್ರೇ. ಕೆಳಗೆ ಬಟ್ಟೆ ಹಿಡೀರಿ. ಕಾಲು ಗಂಟೆ ಬಿಡಿ. ಕೀ ಹಾಕಿ ತೆಗೆದು, ಹಾಕಿ ತೆಗೆದು 20–25 ಸಲ ಮಾಡಿ, ಪ್ರತಿ ಸಲ ಕೀ ಒರೆಸಿ. ಮೊದಲು ಕಪ್ಪೋ ಕೆಂಪೋ ಕೊಳೆ ಬರುತ್ತೆ. ಕೀ ಸ್ವಚ್ಛವಾಗಿ ಬರೋ ತನಕ ಮೂರು ನಾಲ್ಕು ಸುತ್ತು. ಈ ಹಂತದಲ್ಲಿ ತಿರುಗಿಸೋಕೆ ಹೋಗಬೇಡಿ. ಸ್ಕ್ರೂ ಡ್ರೈವರಿನ ಪ್ಲಾಸ್ಟಿಕ್ ಹಿಡಿಯಿಂದ ಲಾಕಿನ ಮುಖದ ಮೇಲೆ ಮೆತ್ತಗೆ ತಟ್ಟುತ್ತಾ ಹೋದ್ರೆ ಅಂಟಿದ ಪ್ಲೇಟು ಬಿಡುತ್ತೆ.

ಕೀ ಪೂರ್ತಿ ಹೋದ ಮೇಲೆ ತಿರುಗಿಸೋಕೂ ಒಂದು ಕ್ರಮ ಇದೆ. ಎಡಗೈ ಅಂಗೈಯನ್ನು ಲಾಕ್ ಪಕ್ಕದಲ್ಲೇ ಮುಚ್ಚಳದ ಮೇಲಿಟ್ಟು ಒಳಕ್ಕೆ ಗಟ್ಟಿಯಾಗಿ ಒತ್ತಿ ಹಿಡೀರಿ. ಒಳಗೆ ಕಾಗದ ತುರುಕಿದ್ರೆ ಅದು ಮುಚ್ಚಳವನ್ನು ಹೊರಕ್ಕೆ ನೂಕ್ತಾ ಇರುತ್ತೆ, ಆ ಭಾರವೆಲ್ಲ ಲಾಕಿನ ನಾಲಿಗೆ ಮೇಲೆ (ನಾಲಿಗೆ ಅಂದ್ರೆ ಡ್ಯಾಶಿಗೆ ಸಿಕ್ಕಿಕೊಂಡು ಮುಚ್ಚಳ ಹಿಡಿದಿಡೋ ತುಂಡು). ಒತ್ತಿದ್ರೆ ನಾಲಿಗೆ ಹಗುರ ಆಗುತ್ತೆ. ಕೀಯನ್ನು ಕೊನೆತನಕ ತಳ್ಳಿ, ಕೂದಲೆಳೆಯಷ್ಟು ಹಿಂದಕ್ಕೆ ಎಳೆದು ತಿರುಗಿಸಿ ನೋಡಿ. ಆಗಲಿಲ್ಲ ಅಂದ್ರೆ ಇನ್ನೊಂದು ಕೂದಲೆಳೆ. ಡೂಪ್ಲಿಕೇಟ್ ಕೀಗಳ ಹಲ್ಲು ಮೂಲದ ಜಾಗದಿಂದ ಅಷ್ಟಿಷ್ಟು ಸರಿದಿರ್ತವೆ, ಅದಕ್ಕೇ ಈ ಹುಡುಕಾಟ. ಹೆಬ್ಬೆರಳು, ತೋರುಬೆರಳಿನ ಬಲಕ್ಕಿಂತ ಒಂದು ಗುಂಜಿಯೂ ಹೆಚ್ಚು ಬೇಡ. ಪ್ಲೈಯರ್ ಹಿಡಿದ್ರೆ ಹಿತ್ತಾಳೆ ಕೀ ಮುರಿಯೋದು ಖಾತ್ರಿ.

ಪಿಬಿರೋಡ್_ಟ್ರಿಮ್ (ದಾವಣಗೆರೆ)

ಕೋಟೆ ಸಾಹೇಬ್ರು ಹೇಳಿದ್ದು ಮೊದಲು ಮಾಡ್ರಿ. ಅದಕ್ಕೂ ಬಗ್ಗಲಿಲ್ಲ ಅಂದ್ರೆ ಲಾಕಿನ ಗೋಜಿಗೇ ಹೋಗಬ್ಯಾಡ್ರಿ, ಹಿಂಜ್ ಕಡೆಯಿಂದ ಬರ್ರಿ. ಒಂದು ಮಾತು ತಲ್ಯಾಗೆ ಇಟ್ಕೊಳ್ರಿ: ಲಾಕ್ ಹೋದ್ರೆ ಇನ್ನೊಂದು ಸಿಗ್ತದ, ಮುಚ್ಚಳ ಬೆಂಡಾದ್ರೆ ಸಿಗಂಗಿಲ್ಲ. ಈ ಗಾಡಿ ತಯಾರಾಗೋದು ನಿಂತು 20 ವರ್ಷದ ಮೇಲಾತು. ಅದಕ್ಕೆ ಮೇಲಂಚಿಗೆ ದಪ್ಪ ಸ್ಕ್ರೂ ಡ್ರೈವರ್ ತೂರಿಸಿ ಮೀಟೋ ಕೆಲಸ ಯಾರು ಹೇಳಿದ್ರೂ ಮಾಡಬ್ಯಾಡ್ರಿ. ತಗಡು ಒಂದು ಸಲ ಮಡಚಿದ್ರೆ ಟಿಂಕರ್ ಎಷ್ಟು ತಟ್ಟಿದ್ರೂ ಅಂಚಿನ ಗೆರೆ ಮೊದಲಿನಂಗ ಬರಂಗಿಲ್ಲ.

ಕೆಲಸಕ್ಕೆ ಮುಂಚೆ ಬ್ಯಾಟರಿಯ ಅರ್ತ್ ಟರ್ಮಿನಲ್ ಬಿಚ್ರಿ. ಡ್ಯಾಶ್ ಹಿಂದಿನ ವೈರುಗಳ ಮೇಲಿನ ರಬ್ಬರ್ ಈ ವಯಸ್ಸಿಗೆ ಹಪ್ಪಳ ಆಗಿರ್ತದ, ಸ್ಕ್ರೂ ಡ್ರೈವರ್ ತಾಗಿದ್ರೆ ಒಡೆದು ಶಾರ್ಟ್ ಆಗ್ತದ. ಮುಚ್ಚಳದ ನಾಲ್ಕೂ ಅಂಚಿಗೆ, ಅದರ ಎದುರಿನ ಡ್ಯಾಶ್ ಅಂಚಿಗೂ ಮಾಸ್ಕಿಂಗ್ ಟೇಪ್ ಎರಡು ಪದರ ಹಚ್ರಿ.

ಹಿಂಜ್ ಸ್ಕ್ರೂ ತುಕ್ಕು ಹಿಡಿದದ ಅಂದ್ರಿ, ಇಲ್ಲೇ ಜನ ಸೋಲೋದು. ಸ್ಟಾರ್ ಸ್ಕ್ರೂ ತಲೆ ಒಳಗೆ ತುಕ್ಕು, ಪೇಂಟು ತುಂಬಿರ್ತದ, ಬಿಟ್ ಪೂರ್ತಿ ಕೂಡಂಗಿಲ್ಲ, ತಿರುಗಿಸಿದ ಕೂಡ್ಲೇ ಜಾರಿ ತಲೆ ಸವೆದು ಬಟ್ಟಲು ಆಗ್ತದ. ಆಮೇಲೆ ಡ್ರಿಲ್ ಬಿಟ್ರೆ ದಾರಿ ಇಲ್ಲ. ಹಂಗಾಗಿ ದಪ್ಪ ಸೂಜಿಯಿಂದ ತಲೆಯ ಗೀರು ಪೂರ್ತಿ ಕೆರೀರಿ, ಹಳೇ ಟೂತ್ ಬ್ರಷ್‌ನಿಂದ ಉಜ್ಜಿ. ತುಕ್ಕು ಬಿಡಿಸೋ ಸ್ಪ್ರೇ ಹೊಡೆದು ಒಂದು ರಾತ್ರಿ ಬಿಡ್ರಿ. ಬೆಳಗ್ಗೆ 25 ವ್ಯಾಟ್ ಸೋಲ್ಡರಿಂಗ್ ಐರನ್ ತುದಿಯನ್ನು ಸ್ಕ್ರೂ ತಲೆ ಮೇಲೆ ಎರಡು ಮೂರು ನಿಮಿಷ ಒತ್ತಿ ಹಿಡೀರಿ, ತಣ್ಣಗಾಗಾಕ ಬಿಡ್ರಿ. ಬಿಸಿಗೆ ಹಿಗ್ಗಿ ತಣ್ಣಗಾದಾಗ ಕುಗ್ಗಿದ್ರೆ ತುಕ್ಕಿನ ಹಿಡಿತ ಬಿರುಕು ಬಿಡ್ತದ. ಸ್ಪ್ರೇ ಒರೆಸಿದ ಮೇಲೇ ಐರನ್ ಹಿಡೀರಿ, ಹಸಿ ಸ್ಪ್ರೇಗೆ ಬೆಂಕಿ ಹತ್ತಬಹುದು. ಗ್ಯಾಸ್ ಟಾರ್ಚ್ ಅಂತೂ ಡ್ಯಾಶ್ ಹತ್ರ ಸುಳಿಯಬಾರದು.

ಆಮೇಲೆ 2ನೇ ನಂಬರ್ ಸ್ಟಾರ್ ಬಿಟ್, ಹೊಸದು. ಸವೆದ ಬಿಟ್ ಉಳಿಸಿಕೊಂಡು ಸ್ಕ್ರೂ ಕಳ್ಕೋಬ್ಯಾಡ್ರಿ. ಮೇಲಕ್ಕೆ ಒತ್ತೋ ಬಲ ಮುಕ್ಕಾಲು ಪಾಲು, ತಿರುಗಿಸೋ ಬಲ ಕಾಲು ಪಾಲು. ಮೊದಲು ಬಿಗಿ ಮಾಡೋ ದಿಕ್ಕಿಗೆ ಸ್ವಲ್ಪ ಅಲುಗಿಸ್ರಿ, ಟಿಕ್ ಅಂತ ಬಿಟ್ಟ ಮೇಲೆ ವಾಪಸ್ ತಿರುಗಿಸ್ರಿ. ಕೊನೇ ಸ್ಕ್ರೂ ಬಿಚ್ಚೋವಾಗ ಇನ್ನೊಬ್ರು ಮುಚ್ಚಳ ಹಿಡಿದಿರಬೇಕು. ಇಲ್ಲ ಅಂದ್ರೆ ಪೂರ್ತಿ ಭಾರ ನಾಲಿಗೆ ಮೇಲೆ ಬಿದ್ದು ಲಾಕಿನ ಸುತ್ತಲಿನ ತಗಡು ತಗ್ಗಾಗ್ತದ.

ಸ್ಕ್ರೂ ಎಲ್ಲ ಬಂದ ಮೇಲೆ ಕೆಳಗಂಚನ್ನು ನಿಮ್ಮ ಕಡೆ 20–25 ಮಿ.ಮೀ. ಎಳೀರಿ. ಮುಚ್ಚಳ ತೆರೆದಾಗ ಅದನ್ನು ಹಿಡಿದಿಡೋ ಪಟ್ಟಿ ಒಂದು ಬದಿಗೆ ಇದ್ರೆ ಅದು ಇಲ್ಲಿ ತಡೀತದ, ಕೈ ಹಾಕಿ ಅದರ ಸ್ಕ್ರೂ ಅಥವಾ ಕ್ಲಿಪ್ ಬಿಚ್ರಿ. ಈಗ ಇಡೀ ಮುಚ್ಚಳವನ್ನು ನೇರ ಕೆಳಕ್ಕೆ ಜಾರಿಸ್ರಿ. ನಾಲಿಗೆ ಡ್ಯಾಶ್ ಅಂಚಿನ ಹಿಂದೆ ಮೇಲ್ಮುಖ ಆಗಿ ಕೂತಿರ್ತದ, 10–15 ಮಿ.ಮೀ. ಕೆಳಗೆ ಬಂದ್ರೆ ತಾನೇ ಬಿಡ್ತದ. ಬರಲಿಲ್ಲ ಅಂದ್ರೆ ನಿಮ್ಮದರಲ್ಲಿ ನಾಲಿಗೆ ಕೊಕ್ಕೆಯೊಳಗೆ ಹೋಗೋ ಥರದ್ದು ಇರಬಹುದು. ಆಗ ಮುಚ್ಚಳವನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ಸ್ವಲ್ಪ ಓರೆ ಮಾಡ್ತಾ ಇಳಿಸ್ರಿ. ಒಳಗಿನ ಪೆಟ್ಟಿಗೆ ರಟ್ಟಿನದಾಗಿದ್ರೆ ಅದಕ್ಕೆ ಒತ್ತಡ ಹಾಕಬ್ಯಾಡ್ರಿ, ಹಳೇ ರಟ್ಟು ಸ್ಕ್ರೂ ತೂತಿನ ಹತ್ರ ಹರೀತದ.

ಹ್ಯಾಕ್ಸಾ ಬ್ಲೇಡಿಂದ ನಾಲಿಗೆ ತಳ್ಳೋದು ಅಂತ ಕೆಲವರು ಹೇಳ್ತಾರ. ನಾಲಿಗೆ ಓರೆ ಕತ್ತರಿಸಿದ್ದು, ಹಿಂದೆ ಸ್ಪ್ರಿಂಗ್ ಇದ್ದದ್ದು ಅಂದ್ರೆ ಮಾತ್ರ ಅದು ನಡೀತದ. ಕೀ ಜೊತೆ ತಿರುಗೋ ಚಪ್ಪಟೆ ನಾಲಿಗೆ ಆದ್ರೆ ಬ್ಲೇಡ್ ಎಷ್ಟು ತೂರಿಸಿದ್ರೂ ಪೇಂಟ್ ಕೀಳ್ತದ ಅಷ್ಟೇ. ನಿಮ್ಮ ಗಾಡಿಗೆ ಹಿಂದಿನ ಮಾಲೀಕರು ಯಾವ ಲಾಕ್ ಹಾಕಿಸಿದಾರೋ ಹೊರಗಿಂದ ಹೇಳಾಕ ಬರಂಗಿಲ್ಲ.

ಹದಡಿರೋಡ್_ಪದ್ಮಿನಿ (ದಾವಣಗೆರೆ)

ಇಬ್ಬರಿಗೂ ಧನ್ಯವಾದ. ನಾಲ್ಕು ಸುತ್ತು ತೊಳೆದ ಮೇಲೆ ಕೀ ಪೂರ್ತಿ ಹೋಯಿತು, ಆದರೆ ತಿರುಗಲಿಲ್ಲ. ಹಿಂಜ್ ಕಡೆಯಿಂದ ಮುಚ್ಚಳ ಬಂತು, ಪೇಂಟ್ ಸರಿಯಾಗಿದೆ, ಆರ್‌ಸಿ ಬುಕ್ ಸಿಕ್ಕಿತು.

ಈಗ ಲಾಕಿನ ಬೆನ್ನು ಕಾಣುತ್ತಿದೆ. ನಡುವೆ ಒಂದು ಸ್ಕ್ರೂ, ಅದರ ಕೆಳಗೆ ನಾಲಿಗೆ. ಅದರ ಹಿಂದೆ ಮುಚ್ಚಳಕ್ಕೆ ತಾಗಿ ದುಂಡನೆಯ ತೆಳು ನಟ್, ಅದಕ್ಕೆ ಷಡ್ಕೋನ ಇಲ್ಲ, ಎದುರುಬದುರು ಎರಡು ಕಚ್ಚು ಮಾತ್ರ. ಲಾಕಿನ ಮೈ ಬೂದು ಬಣ್ಣದ ಎರಕದ್ದು, ಅಲ್ಲಲ್ಲಿ ಬಿಳಿ ಪುಡಿ. ಆ ನಟ್‌ಗೆ ಯಾವ ಸ್ಪ್ಯಾನರ್?

ಹೊಳಲ್ಕೆರೆ_ಲೇತ್ (ಚಿತ್ರದುರ್ಗ ಜಿಲ್ಲೆ)

ಅದು ರಿಂಗ್ ನಟ್. ಉಳಿ ಇಟ್ಟು ಸುತ್ತಿಗೆಯಲ್ಲಿ ತಟ್ಟಿ ತಿರುಗಿಸುವ ಅಭ್ಯಾಸ ಎಲ್ಲ ಕಡೆ ಇದೆ, ದಯವಿಟ್ಟು ಮಾಡಬೇಡಿ. ಬೂದು ಬಣ್ಣದ ಮೈ ಅಂದರೆ ಜಿಂಕ್ ಅಲಾಯ್ ಎರಕ. ಅದು ಬಾಗುವುದಿಲ್ಲ, ಒಡೆಯುತ್ತದೆ. ಬಿಳಿ ಪುಡಿ ಅಂದರೆ ಆ ಜಿಂಕ್ ಕಿಲುಬು ಹಿಡಿದಿದೆ, ನಟ್ಟಿನ ಮರೆ (ತಿರುಪಿನ ಸುತ್ತುಗಳು) ಅದರಲ್ಲೇ ಅಂಟಿದೆ. ಪೆಟ್ಟು ಬಿದ್ದರೆ ಮರೆಯ ಜೊತೆ ಮೈಯೇ ಸೀಳುತ್ತದೆ. ಬಿಸಿ ಮಾಡುವುದೂ ಬೇಡ. ಈ ಅಲಾಯ್ 390 ಡಿಗ್ರಿಯೊಳಗೇ ಕರಗುತ್ತದೆ, ಟಾರ್ಚ್ ತಗುಲಿದರೆ ಮೂಲೆಗಳು ಕುಸಿಯುತ್ತವೆ.

ಕಚ್ಚುಗಳ ನಡುವಿನ ದೂರಕ್ಕೆ ಸರ್ಕ್ಲಿಪ್ (ಉಂಗುರದಂಥ ಸ್ಪ್ರಿಂಗ್ ಕ್ಲಿಪ್) ತೆಗೆಯುವ ಪ್ಲೈಯರಿನ ಮೂತಿ ಕೂತರೆ ಅದರಲ್ಲೇ ಬರುತ್ತದೆ. ತುದಿ ಬಾಗುತ್ತಿದೆ ಅನ್ನಿಸಿದರೆ ಅಲ್ಲಿಗೇ ನಿಲ್ಲಿಸಿ, ಟೂಲ್ ಮಾಡಿಕೊಳ್ಳಿ. ಲಾಕಿನ ಮರೆಯ ಹೊರವ್ಯಾಸವನ್ನು ವರ್ನಿಯರ್‌ನಲ್ಲಿ ಅಳೆಯಿರಿ. ಅದಕ್ಕಿಂತ ಅರ್ಧದಿಂದ ಒಂದು ಮಿ.ಮೀ. ದೊಡ್ಡ ಒಳವ್ಯಾಸದ, 2.5 ಮಿ.ಮೀ. ಗೋಡೆಯ ಕಬ್ಬಿಣದ ಪೈಪು, 60–70 ಮಿ.ಮೀ. ಉದ್ದದ್ದು ಸಾಕು. ಒಂದು ತುದಿಯನ್ನು ಅರದಿಂದ ಉಜ್ಜಿ, ಎದುರುಬದುರು ಎರಡು ಹಲ್ಲು ಮಾತ್ರ ಉಳಿಸಿ. ಹಲ್ಲಿನ ಎತ್ತರ ನಟ್ಟಿನ ದಪ್ಪಕ್ಕಿಂತ ಸ್ವಲ್ಪ ಕಡಿಮೆ ಇರಲಿ, ಇಲ್ಲದಿದ್ದರೆ ಮುಚ್ಚಳದ ತಗಡಿಗೆ ತಾಗುತ್ತದೆ. ಅಗಲ ಕಚ್ಚಿಗೆ ಬಿಗಿಯಾಗಿ ಕೂರಬೇಕು. ಇನ್ನೊಂದು ತುದಿಯಲ್ಲಿ 6 ಮಿ.ಮೀ. ತೂತು ಕೊರೆದು ಅಡ್ಡ ಕಂಬಿ ತೂರಿಸಿದರೆ ಹಿಡಿ. ಯಾವ ಲೇತ್ ಅಂಗಡಿಯಲ್ಲಾದರೂ ಚಹಾ ಕುಡಿದು ಮುಗಿಸುವಷ್ಟರಲ್ಲಿ ಮಾಡಿಕೊಡುತ್ತಾರೆ, ಕೈಯಲ್ಲಿ ಅರ ಹಿಡಿದರೆ ಅರ್ಧ ಗಂಟೆ.

ಬಿಚ್ಚುವ ಕ್ರಮ: ಮೊದಲು ನಾಲಿಗೆ ಯಾವ ಕಡೆ ಮುಖ ಮಾಡಿದೆ ಎಂದು ಬೆನ್ನಿನಿಂದ ಫೋಟೋ ತೆಗೆಯಿರಿ. ತೊಂಬತ್ತು ಡಿಗ್ರಿ ತಪ್ಪಾಗಿ ಕೂರಿಸಿದರೆ ಕೀ ತಿರುಗಿಸಿದಾಗ ಲಾಕ್ ಆಗುವ ಬದಲು ತೆರೆಯುತ್ತದೆ. ನಡುವಿನ ಸ್ಕ್ರೂ ಬಿಚ್ಚುವಾಗ ಕೀ ಒಳಗೆ ಇರಲಿ, ಆದರೆ ಕೀಯನ್ನೇ ಹಿಡಿದು ತಡೆ ಕೊಡಬೇಡಿ, ಮುರಿಯುತ್ತದೆ. ನಾಲಿಗೆಯನ್ನೇ ಪ್ಲೈಯರಿನಲ್ಲಿ ಹಿಡಿಯಿರಿ. ನಾಲಿಗೆ, ಅದರ ಕೆಳಗಿನ ವಾಷರ್, ಸ್ಪ್ರಿಂಗ್ ಇದ್ದರೆ ಸ್ಪ್ರಿಂಗ್ ಬಂದ ಕ್ರಮದಲ್ಲೇ ತಂತಿಗೆ ಪೋಣಿಸಿಡಿ. ಆಮೇಲೆ ರಿಂಗ್ ನಟ್, ಬೆನ್ನಿನಿಂದ ನೋಡಿದಾಗ ಗಡಿಯಾರದ ವಿರುದ್ಧ ದಿಕ್ಕಿಗೆ. ಮುಂಚೆ ಒಂದು ಹನಿ ಸ್ಪ್ರೇ ಬಿಟ್ಟು ರಾತ್ರಿ ಕಳೆಯಲಿ.

ನಟ್ ಬಂದ ಮೇಲೆ ಲಾಕನ್ನು ಹಿಂದಿನಿಂದ ಹೆಬ್ಬೆರಳಿನಲ್ಲಿ ನೇರವಾಗಿ ಹೊರಕ್ಕೆ ತಳ್ಳಿ. ತಿರುಗಿಸಬೇಡಿ. ತೂತಿಗೆ ಒಂದೋ ಎರಡೋ ಬದಿ ಚಪ್ಪಟೆ ಇರುತ್ತದೆ, ಲಾಕ್ ಗಿರಗಿರ ತಿರುಗಬಾರದೆಂದು. ತಿರುಗಿಸಿದರೆ ಆ ಚಪ್ಪಟೆ ಅಂಚು ಸವೆದು, ಮುಂದೆ ಯಾವ ಲಾಕ್ ಹಾಕಿದರೂ ಕೀ ಜೊತೆ ಲಾಕೇ ತಿರುಗುತ್ತದೆ.

ಇದನ್ನು ಓದುವ ಬೇರೆಯವರಿಗೆ: ರಿಂಗ್ ನಟ್ ಬದಲು ಕುದುರೆ ಲಾಳದ ಆಕಾರದ ತೆಳು ಉಕ್ಕಿನ ಕ್ಲಿಪ್ ಇದ್ದರೆ ಅದರ ಬೆನ್ನನ್ನು ನೋಸ್ ಪ್ಲೈಯರಿನಲ್ಲಿ ಹಿಡಿದು ಪಕ್ಕಕ್ಕೆ ಎಳೆದರೆ ಸಾಕು. ಹಾರದಂತೆ ಮೇಲೊಂದು ಬಟ್ಟೆ ಮುಚ್ಚಿ.

ಕೋಟೆ_ಕೀಲಿ (ಚಿತ್ರದುರ್ಗ)

ಲಾಕ್ ಕೈಗೆ ಬಂತು ಅಂದ್ಕೊಂಡು ಮುಂದಿನದು ಹೇಳ್ತೀನಿ. ಎಸೀಬೇಡಿ ಸರ್, ನೂರಕ್ಕೆ ತೊಂಬತ್ತು ಭಾಗ ರಿಪೇರಿ ಆಗುತ್ತೆ.

ಸ್ಟೀಲ್ ತಟ್ಟೆಯ ಮೇಲೆ ಬಿಳಿ ಬಟ್ಟೆ ಹಾಸಿ, ಫ್ಯಾನ್ ಆಫ್ ಮಾಡಿ ಕೂತ್ಕೊಳ್ಳಿ. ಕೀ ಪೂರ್ತಿ ಒಳಗೆ ಹಾಕಿ. ಕವಚದ ಹೊರಮೈಯಲ್ಲಿ ಗುಂಡುಸೂಜಿ ತಲೆಯಷ್ಟು ತೂತು ಹುಡುಕಿ, ಕೊಳೆ ತುಂಬಿ ಮುಚ್ಚಿರಬಹುದು. ಅದರ ಕೆಳಗೆ ಬ್ಯಾರೆಲನ್ನು ಹಿಡಿದಿಡೋ ಪ್ಲೇಟು ಇರುತ್ತೆ, ಕೀಗೂ ಅದಕ್ಕೂ ಸಂಬಂಧ ಇಲ್ಲ. 1–1.5 ಮಿ.ಮೀ. ಗಟ್ಟಿ ತಂತಿಯಿಂದ, ಸೈಕಲ್ ಕಡ್ಡಿ ತುದಿ ಉಜ್ಜಿಕೊಂಡ್ರೂ ನಡೆಯುತ್ತೆ, ಆ ಪ್ಲೇಟನ್ನು ಒತ್ತಿ ಹಿಡಿದು ಕೀ ಸಮೇತ ಬ್ಯಾರೆಲನ್ನು ಎಳೀರಿ. ಕೆಲವು ಲಾಕಲ್ಲಿ ಇದೇ ಕೆಲಸ ಬೆನ್ನಿನ ಸರ್ಕ್ಲಿಪ್ ಮಾಡುತ್ತೆ, ಆಗ ತೂತು ಇರಲ್ಲ. ನಿಮ್ಮ ಲಾಕಲ್ಲಿ ಚಾಚಿರೋ ಪ್ಲೇಟು ಇನ್ನೂ ಕವಚಕ್ಕೆ ಸಿಕ್ಕಿದೆ, ಆದ್ದರಿಂದ ಎಳೆಯೋವಾಗ ಕೀಯನ್ನು ಕೂದಲೆಳೆ ಹಿಂದೆ ಮುಂದೆ ಆಡಿಸ್ತಾ ಎಳೀಬೇಕು.

ಬ್ಯಾರೆಲ್ ಹೊರಗೆ ಬಂದ ಮೇಲೆ ಕೀ ತೆಗೀಬೇಡಿ. ಈಗ ಕಣ್ಣಿಗೇ ಕಾಣುತ್ತೆ ಯಾವ ಪ್ಲೇಟು ಮೈಮಟ್ಟಕ್ಕಿಂತ ಮೇಲಿದೆ ಅಂತ. ಬೆರಳ ತುದಿ ಸವರಿದ್ರೂ ತಾಗುತ್ತೆ. ಅದನ್ನು ಮಾರ್ಕರಿಂದ ಗುರುತು ಮಾಡಿ. ಒಂದೋ ಎರಡೋ ಅಷ್ಟೇ ಇರ್ತವೆ.

ಆಮೇಲೆ ಪ್ಲೇಟುಗಳನ್ನು ಮುಂದಿನಿಂದ ಹಿಂದಕ್ಕೆ ಒಂದೊಂದಾಗಿ ತೆಗೆದು, ಟೇಪಿನ ಮೇಲೆ 1, 2, 3 ಅಂತ ಬರೆದು ಅದೇ ಸಾಲಲ್ಲಿ ಅಂಟಿಸಿ, ಸ್ಪ್ರಿಂಗನ್ನೂ ಅದರದ್ದರ ಪಕ್ಕ. ಸಾಲು ಕಲೆತ್ರೆ ಕೀ ಬದಲಾದ ಹಾಗೇ. ಬ್ಯಾರೆಲ್, ಕವಚ, ಪ್ಲೇಟು ಎಲ್ಲವನ್ನೂ ಅರ್ಧ ಲೋಟ ಪೆಟ್ರೋಲಲ್ಲಿ ಬಯಲಲ್ಲಿ ತೊಳೀರಿ. ಪ್ಲೇಟು ಓಡಾಡೋ ಸೀಳುಗಳಲ್ಲಿ ಬಿಳಿ ಪುಡಿ ಇದ್ರೆ ದಪ್ಪ ಕಾಗದದ ಅಂಚಿಂದ ಕೆರೀರಿ, ಬ್ಲೇಡ್ ಬೇಡ. ಒಣಗಿದ ಮೇಲೆ ಪ್ಲೇಟನ್ನು ಸೀಳಿಗೆ ಹಾಕಿ ಬ್ಯಾರೆಲ್ ತಲೆಕೆಳಗು ಮಾಡಿದ್ರೆ ತನ್ನ ಭಾರಕ್ಕೇ ಜಾರಿ ಬೀಳಬೇಕು. ಅಷ್ಟು ಸಡಿಲ ಇರಬೇಕು.

ಚಾಚೋ ಪ್ಲೇಟಿಗೆ ಎರಡು ದಾರಿ. ಮೂಲ ಕೀಯ ನಂಬರ್ ಲಾಕಿನ ಮುಖದ ಮೇಲೋ ಮೈ ಮೇಲೋ ಒತ್ತಿದ್ರೆ, ಕೀ ಮಾಡೋರಿಗೆ ತೋರಿಸಿ ಆ ಅಳತೆಗೆ ಹೊಸ ಕೀ ಕತ್ತರಿಸೋಕೆ ಆಗುತ್ತಾ ಕೇಳಿ. ಬಿಚ್ಚಿದ ಬ್ಯಾರೆಲನ್ನೇ ಕೊಟ್ರೂ ಪ್ಲೇಟು ನೋಡಿ ಕೀ ಮಾಡ್ತಾರೆ, ಅದು ಅತ್ಯುತ್ತಮ. ಆರ್‌ಸಿ ಜೊತೆಗಿರಲಿ, ಕೇಳ್ತಾರೆ. ಇನ್ನೊಂದು, ಇರೋ ಕೀಗೇ ಪ್ಲೇಟನ್ನು ಹೊಂದಿಸೋದು: ಕೀ ಹಾಕಿದಾಗ ಚಾಚಿದ ತುದಿಯನ್ನು ಸಣ್ಣ ಅರದಿಂದ ಮೈಮಟ್ಟಕ್ಕೆ ಉಜ್ಜೋದು. ಒಂದು ಉಜ್ಜು, ಒಂದು ಪರೀಕ್ಷೆ. ಎರಡಕ್ಕಿಂತ ಹೆಚ್ಚು ಪ್ಲೇಟು ಉಜ್ಜಬೇಕಾಗಿ ಬಂದ್ರೆ ನಿಲ್ಲಿಸಿ. ಅಲ್ಲಿಗೆ ಆ ಲಾಕು ಯಾವ ಕೀಗೂ ಬಾಗೋ ಮಟ್ಟಕ್ಕೆ ಬಂದಿರುತ್ತೆ.

ಸ್ಪ್ರಿಂಗ್ ಮುರಿದಿದ್ರೆ ಪೆನ್ನಿನ ಸ್ಪ್ರಿಂಗ್ ಕತ್ತರಿಸಿ ಹಾಕಬೇಡಿ. ಅದರ ತಂತಿ ದಪ್ಪ, ಪ್ಲೇಟು ಇಳಿಯೋಕೇ ಬಿಡಲ್ಲ. ಯಾವುದಾದ್ರೂ ಹಳೇ ಬೀರು ಲಾಕೋ ಸ್ಕೂಟರ್ ಲಾಕೋ ಬಿಚ್ಚಿದ್ರೆ ಹೊಂದೋದು ಸಿಗುತ್ತೆ.

ಜೋಡಿಸೋವಾಗ ಎಣ್ಣೆ ಇಲ್ಲ, ಗ್ರೀಸ್ ಇಲ್ಲ. ಗ್ರಾಫೈಟ್ ಪುಡಿ ಒಂದು ಚಿಟಿಕೆ, ಕೀಗೆ ಸವರಿ ಹತ್ತು ಸಲ ಹಾಕಿ ತೆಗೆದ್ರೆ ಒಳಗೆಲ್ಲ ಹರಡುತ್ತೆ. ಸ್ಪ್ರೇಯ ಪಸೆ ಒಂದು ಹನಿಯೂ ಉಳಿದಿರಬಾರದು. ಪಸೆ ಮತ್ತು ಗ್ರಾಫೈಟ್ ಸೇರಿದ್ರೆ ಮತ್ತೆ ಅದೇ ಪೇಸ್ಟ್.

ಹೊಳಲ್ಕೆರೆ_ಲೇತ್ (ಚಿತ್ರದುರ್ಗ ಜಿಲ್ಲೆ)

ಕೋಟೆ ಅವರು ಹೇಳಿದ್ದರಲ್ಲಿ ಒಂದಕ್ಕೆ ನನ್ನ ಒಪ್ಪಿಗೆ ಇಲ್ಲ. ಪ್ಲೇಟ್ ಉಜ್ಜುವುದು. ಹಿತ್ತಾಳೆ ಮೆದು. ಸವೆದ ಡೂಪ್ಲಿಕೇಟ್ ಕೀಗೆ ಪ್ಲೇಟ್ ಹೊಂದಿಸಿದರೆ, ಆ ಕೀ ಇನ್ನಷ್ಟು ಸವೆದಾಗ ಮತ್ತೆ ಇದೇ ತೊಂದರೆ. ಮೊದಲು ಬ್ಯಾರೆಲ್ ನೋಡಿ ಸರಿಯಾದ ಕೀ ಮಾಡಿಸಿ, ಉಜ್ಜುವುದು ಆಮೇಲಿನ ಮಾತು.

ಡ್ರಿಲ್ ಬಗ್ಗೆಯೂ ಯಾರಾದರೂ ಸರಿಯಾಗಿ ಹೇಳಬೇಕು, ಯಾಕೆಂದರೆ ಹಿಂಜ್ ಸ್ಕ್ರೂ ಒಳಗಡೆ ಇರುವ ಗಾಡಿಗಳಲ್ಲಿ ಬೇರೆ ದಾರಿ ಇರುವುದಿಲ್ಲ. ಲಾಕಿನ ಸುತ್ತ ಮೂರು ಪದರ ಟೇಪ್, ಅದರ ಮೇಲೆ ತೂತು ಮಾಡಿದ ರಟ್ಟು. ನಿಧಾನ ವೇಗ. ಕೀ ಗಂಡಿಯ ಸೀಳಿನ ಮೇಲ್ತುದಿಯಲ್ಲಿ ಪಂಚ್ ಗುರುತು ಹಾಕಿ 3 ಮಿ.ಮೀ. ಬಿಟ್, ಆಮೇಲೆ ಅದೇ ತೂತಿಗೆ 5 ಅಥವಾ 6 ಮಿ.ಮೀ.ನದು. ಬಿಟ್ಟಿಗೆ ತುದಿಯಿಂದ 20 ಮಿ.ಮೀ. ದೂರದಲ್ಲಿ ಟೇಪ್ ಸುತ್ತಿ, ಅದಕ್ಕಿಂತ ಆಳ ಹೋಗಬಾರದು, ಹಿಂದಿನ ನಾಲಿಗೆ ಮತ್ತು ಒಳಗಿನ ಕಾಗದ ಎರಡೂ ಉಳಿಯಬೇಕು. ಪ್ಲೇಟುಗಳು ಪುಡಿಯಾದ ಮೇಲೆ ಚಪ್ಪಟೆ ಸ್ಕ್ರೂ ಡ್ರೈವರ್ ಹಾಕಿ ತಿರುಗಿಸಿದರೆ ಬ್ಯಾರೆಲ್ ತಿರುಗುತ್ತದೆ. 10 ಮಿ.ಮೀ. ಬಿಟ್ ಹಾಕಿ ನೇರವಾಗಿ ಅಗೆಯುವವರೇ ಮುಚ್ಚಳ ಹಾಳು ಮಾಡುವುದು. ಬಿಟ್ ಕಚ್ಚಿಕೊಂಡಾಗ ಇಡೀ ಲಾಕ್ ತಿರುಗಿ ತೂತಿನ ಚಪ್ಪಟೆ ಅಂಚನ್ನು ತಿಂದುಹಾಕುತ್ತದೆ.

ಬದಲಿ ಲಾಕ್ ಬೇಕಾದರೆ ತೂತಿನ ವ್ಯಾಸ, ಚಪ್ಪಟೆ ಬದಿಗಳ ನಡುವಿನ ಅಳತೆ, ಮುಚ್ಚಳದ ದಪ್ಪ, ಮುಚ್ಚಳದ ಒಳಮೈಯಿಂದ ನಾಲಿಗೆವರೆಗಿನ ದೂರ, ಈ ನಾಲ್ಕು ಬರೆದುಕೊಂಡು ಹಳೇ ಲಾಕ್ ಕೈಯಲ್ಲಿ ಹಿಡಿದೇ ಅಂಗಡಿಗೆ ಹೋಗಿ. ದಾವಣಗೆರೆಯಲ್ಲಿ ಸಿಗದಿದ್ದರೆ ವಾಹನ ಬಿಡಿಭಾಗದ ಅಂಗಡಿಗಳಿರುವ ಬೆಂಗಳೂರಿನ ಜೆ.ಸಿ. ರಸ್ತೆ. ಮುಂಬೈಯಲ್ಲಿ ಟ್ಯಾಕ್ಸಿಯಾಗಿ ಓಡುತ್ತಿದ್ದ ಪದ್ಮಿನಿಗಳು 2023ರ ಅಕ್ಟೋಬರಿಗೆ ನಿಂತವು, ಬಿಚ್ಚಿದ ಗಾಡಿಗಳ ಮಾಲು ಬರುವ ದಾರಿ ಕಿರಿದಾಗುತ್ತಲೇ ಹೋಗುತ್ತದೆ. ಒಳ್ಳೆಯದು ಕಂಡರೆ ಬಿಡಬೇಡಿ.

ಮೂಲದ್ದು ಸಿಗದೇ ಹೋದರೆ ಮೇಜಿನ ಡ್ರಾಯರಿಗೆ, ಲೆಟರ್ ಬಾಕ್ಸಿಗೆ ಹಾಕುವ ಕ್ಯಾಮ್ ಲಾಕ್. ಹಾರ್ಡ್‌ವೇರ್ ಅಂಗಡಿಯಲ್ಲಿ ಸಾಮಾನ್ಯವಾಗಿ ಸಿಗುವುದು 19 ಮಿ.ಮೀ. ಮರೆಯದ್ದು, ಉದ್ದ 16, 20, 25, 30 ಹೀಗೆ. ತಗಡಿನ ಮುಚ್ಚಳಕ್ಕೆ 16 ಅಥವಾ 20 ಸಾಕು. ತೂತು 19ಕ್ಕಿಂತ ದೊಡ್ಡದಿದ್ದರೆ ಮುಚ್ಚಳ ಕೊರೆಯಲು ಹೋಗಬೇಡಿ, ಲೇತ್‌ನಲ್ಲಿ ಅಲ್ಯೂಮಿನಿಯಂ ಬುಷ್ (ಸಂದು ತುಂಬುವ ಬಳೆ) ಮಾಡಿಸಿ ಹಾಕಿಸಿ. ತೂತು ಚಿಕ್ಕದಿದ್ದರೆ ಇನ್ನೂ ಚಿಕ್ಕ ಲಾಕ್ ಹುಡುಕಿ. ಇರುವ ತೂತನ್ನು ದೊಡ್ಡದು ಮಾಡಿದರೆ ನಾಳೆ ಮೂಲದ ಲಾಕ್ ಸಿಕ್ಕರೂ ಕೂರುವುದಿಲ್ಲ. ಕ್ಯಾಮ್ ಲಾಕಿಗೆ ಬಟನ್ ಇರುವುದಿಲ್ಲ, ಪ್ರತಿ ಸಲ ಕೀ ಹಾಕಿಯೇ ತೆರೆಯಬೇಕು ಎಂಬುದು ಗೊತ್ತಿರಲಿ.

ಹದಡಿರೋಡ್_ಪದ್ಮಿನಿ (ದಾವಣಗೆರೆ)

ಪೈಪಿನ ಟೂಲ್ ಕೆಲಸ ಮಾಡಿತು. ಲಾಕ್ ಹೊರಗಿದೆ, ಮೂರನೇ ಪ್ಲೇಟ್ ಒಂದೇ ಚಾಚಿತ್ತು, ಬ್ಯಾರೆಲ್ ಕೊಟ್ಟು ಹೊಸ ಕೀ ಮಾಡಿಸಿ ಆಯಿತು. ಈಗ ಮುಚ್ಚಳ ವಾಪಸ್ ಕೂರಿಸುವಾಗ ಏನು ನೋಡಬೇಕು? ಮೊದಲಿಂದಲೂ ರಸ್ತೆಯ ಹಂಪ್‌ಗಳ ಮೇಲೆ ಮುಚ್ಚಳ ಗಡಗಡ ಅನ್ನುತ್ತಿತ್ತು, ಅದನ್ನೂ ಇದೇ ಕೈಯಲ್ಲಿ ಸರಿ ಮಾಡಬಹುದಾ?

ಪಿಬಿರೋಡ್_ಟ್ರಿಮ್ (ದಾವಣಗೆರೆ)

ಮಾಡಬಹುದ್ರಿ, ಈಗಲೇ ಮಾಡಬೇಕು. ಆ ಗಡಗಡ ಅನ್ನೋದೇ ಅರ್ಧ ರೋಗ. ಮುಚ್ಚಳ ಕುಣಿದಾಗಲೆಲ್ಲ ನಾಲಿಗೆ ಪೆಟ್ಟು ತಿಂತದ, ಆ ಪೆಟ್ಟು ಬ್ಯಾರೆಲಿಗೆ ಹೋಗ್ತದ.

ರಿಂಗ್ ನಟ್ ಹಾಕೋವಾಗ ಲಾಕಿನ ತಲೆ ಕೆಳಗೆ ತೆಳು ರಬ್ಬರ್ ವಾಷರ್ ಇಡ್ರಿ, ಹಳೇ ಸೈಕಲ್ ಟ್ಯೂಬ್ ಕತ್ತರಿಸಿದ್ರೂ ಆತು. ಧೂಳು ತಡೀತದ, ಪೇಂಟೂ ಉಳೀತದ. ನಟ್ ಕೈಯಿಂದ ಬಿಗಿ ಮಾಡಿ, ಟೂಲಿಂದ ಕಾಲು ಸುತ್ತು, ಸಾಕು. ಹಿಂಜ್ ಸ್ಕ್ರೂಗಳು ಹೊಸವು ಹಾಕ್ರಿ, ಅದೇ ದಪ್ಪ, ಅದೇ ಉದ್ದ. ಮರೆಗೆ ಚೂರು ಗ್ರೀಸ್ ಹಚ್ಚಿದ್ರೆ ಮುಂದಿನ ಸಲ ಸೋಲ್ಡರಿಂಗ್ ಐರನ್ ಬೇಕಾಗಂಗಿಲ್ಲ. ಮೊದಲು ಎಲ್ಲ ಸ್ಕ್ರೂ ಸಡಿಲ ಇಟ್ಟು, ಮುಚ್ಚಳದ ಸುತ್ತಲಿನ ಸಂದು ಎಡ ಬಲ ಒಂದೇ ಸಮ ಬಂದ ಮೇಲೆ ಬಿಗಿ ಮಾಡ್ರಿ.

ಮುಚ್ಚೋದಕ್ಕೆ ಮುಂಚೆ, ಕೇಳ್ರಿ, ಮುಚ್ಚಳ ತೆರೆದೇ ಇಟ್ಟು ಕೀ ಹಾಕಿ ಹತ್ತು ಸಲ ಲಾಕ್ ಮಾಡಿ ತೆಗೀರಿ, ಬಟನ್ ಹತ್ತು ಸಲ ಒತ್ರಿ. ನಾಲಿಗೆ ಒಂದು ಸಲ ತಡವರಿಸಿದ್ರೂ ಮುಚ್ಚಬ್ಯಾಡ್ರಿ. ಎರಡು ಕೀಯೂ ಜೇಬಲ್ಲಿ ಇರಲಿ, ಒಂದನ್ನು ಪೆಟ್ಟಿಗೆ ಒಳಗೆ ಇಟ್ಟು ಮುಚ್ಚಿದವರು ಬಾಳ ಮಂದಿ.

ನಾಲಿಗೆ ಎಲ್ಲಿ ಕೂಡ್ತದ ನೋಡಾಕ ಅದರ ತುದಿಗೆ ಸೀಮೆಸುಣ್ಣ ಬಳಿದು, ಲಾಕ್ ಮಾಡದೆ ಒಂದು ಸಲ ಮುಚ್ಚಿ ತೆಗೀರಿ. ಡ್ಯಾಶ್ ಕಡೆಯ ಕೊಂಡಿ ಮೇಲೆ ಬಿಳಿ ಗುರುತು ಬೀಳ್ತದ. ಗುರುತು ನಾಲಿಗೆಯ ಅಗಲದಷ್ಟೂ ಇರಬೇಕು. ಒಂದು ಮೂಲೆ ಮಾತ್ರ ಬಿದ್ರೆ ಕೊಂಡಿಯ ಸ್ಕ್ರೂ ಸಡಿಲ ಮಾಡಿ ಸರಿಸ್ರಿ, ಅಲ್ಲಿ ತೂತು ಉದ್ದಕ್ಕೆ ಇದ್ರೆ ಅದಕ್ಕೇ ಇರೋದು. ದುಂಡು ತೂತಾದ್ರೆ ಅರ್ಧ ಮಿ.ಮೀ., ಒಂದು ಮಿ.ಮೀ. ವಾಷರ್ ಕೊಟ್ಟು ಮುಂದೆ ತರ್ರಿ. ನಾಲಿಗೆಯನ್ನೇ ಬಗ್ಗಿಸಬ್ಯಾಡ್ರಿ, ಅದು ಲಾಕಿನ ಮೈ ಮೇಲೆ ಓರೆ ಭಾರ ಹಾಕ್ತದ.

ಗಡಗಡಕ್ಕೆ ಮುಚ್ಚಳದ ಮೇಲಿನ ಎರಡು ಮೂಲೆಗೆ ಒಳಗಡೆ ರಬ್ಬರ್ ಗುಂಡಿ. ಹಳೇದು ಕಲ್ಲಾಗಿರ್ತದ, ಕಿತ್ತು ಹಾಕಿ 3 ಮಿ.ಮೀ. ದಪ್ಪದ ಮೆತ್ತನೆ ರಬ್ಬರ್ ಅಂಟಿಸ್ರಿ. ಮುಚ್ಚಿದಾಗ ರಬ್ಬರ್ ಅರ್ಧ ಮಿ.ಮೀ. ಅದುಮಿದ್ರೆ ಸರಿ. ಜಾಸ್ತಿ ಅದುಮಿದ್ರೆ ಕೋಟೆ ಸಾಹೇಬ್ರು ಹೇಳಿದ ಕಾಗದದ ಭಾರ ಇದ್ದಂಗೇ ಆಗ್ತದ, ಕೀ ಬಿಗಿ ಬರ್ತದ. ಅದುಮಿದ್ದು ಸರಿ ಅದನಾ ತಿಳಿಯಾಕ ರಬ್ಬರ್ ಮತ್ತು ಡ್ಯಾಶ್ ನಡುವೆ ಒಂದು ಕಾಗದದ ಚೂರು ಇಟ್ಟು ಮುಚ್ಚಿ ಎಳೀರಿ. ಸ್ವಲ್ಪ ತಡೆದು ಹರಿಯದೆ ಬಂದ್ರೆ ಅಳತೆ ಬರೋಬ್ಬರಿ.

ಬ್ಯಾಟರಿ ಟರ್ಮಿನಲ್ ಕೊನೆಗೆ ಹಾಕ್ರಿ, ಹಾಕೋಕೆ ಮುಂಚೆ ಡ್ಯಾಶ್ ಕೆಳಗೆ ಕೈ ಆಡಿಸಿದಾಗ ಯಾವ ವೈರಾದ್ರೂ ಹಿಂಜ್ ನಡುವೆ ಸಿಕ್ಕೈತಾ ಒಂದು ಸಲ ಟಾರ್ಚ್ ಬಿಟ್ಟು ನೋಡ್ರಿ.

ಕೋಟೆ_ಕೀಲಿ (ಚಿತ್ರದುರ್ಗ)

ಒಂದು ಸೇರಿಸ್ತೀನಿ. ಹೊಸ ಕೀ ಮಾಡಿಸಿದ್ರಲ್ಲ, ಅದನ್ನು ದಿನ ಬಳಸಬೇಡಿ. ಅದರಿಂದ ಇನ್ನೊಂದು ಕತ್ತರಿಸಿಕೊಂಡು ಆ ನಕಲನ್ನು ಗೊಂಚಲಿಗೆ ಹಾಕಿ, ಹೊಸದನ್ನು ಮನೆಯಲ್ಲಿಡಿ. ಮುಂದೆ ಯಾವಾಗ ಕತ್ತರಿಸಿದ್ರೂ ಮನೆಯಲ್ಲಿರೋದರಿಂದಲೇ ಕತ್ತರಿಸಿ. ನಕಲಿನ ನಕಲು ಮಾಡಿಸುತ್ತಾ ಹೋದದ್ದಕ್ಕೇ ನಿಮ್ಮ ಮೂರನೇ ಪ್ಲೇಟು ಹೊರಗೆ ನಿಂತದ್ದು. ಲಾಕಿನ ಮೈ ಮೇಲೆ ಒತ್ತಿದ ನಂಬರ್ ಕಂಡಿದ್ರೆ ಮುಚ್ಚಳ ಕೂರಿಸೋ ಮುಂಚೆ ಅದನ್ನೂ ಬರೆದಿಟ್ಕೊಳ್ಳಿ.